ವಾರ್ತೆ ಮುಗಿಯುವ ಮುಂಚೆ

ಅವಳ ಬಲಗಾಲಿನಲ್ಲಿ, ಮೊಣಕಾಲಿಗೂ ಪಾದಕ್ಕೂ ನಡುವೆ, ಕಬ್ಬಿನ ಗೆಣ್ಣಿನಂಥ ಒಂದು ಗಂಟಿತ್ತು. ಮುರಿದ ಮೂಳೆ ಕೂಡಿಕೊಂಡ ಜಾಗ ಅದು. ಕುಳಿತಾಗೆಲ್ಲ ಲಂಗ ತುಸು ಮೇಲೆತ್ತಿ ಹೆಬ್ಬೆರಳಿನಿಂದ ಅದನ್ನು ತೀಡುತ್ತಿದ್ದಳು. ಆ ಗಂಟು ಕಂಡವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ನನಗೆ ಮಾತ್ರ, ಆ ಕಾಲು ಮುರಿದ ಸುದ್ದಿ ಕೇಳಿದ ದಿನ ಒಳಗೊಳಗೇ ಖುಷಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ನಾನು ಅವಳನ್ನು ಹೊಗಳಿದರೆ ಓದುವವರು ನನ್ನನ್ನು ಒಳ್ಳೆಯವಳೆಂದು ತಿಳಿದುಬಿಟ್ಟಾರು.

ಮಧುಗಿರಿಯಲ್ಲಿ ನಮ್ಮ ಹಿಂದಿನ ಬೀದಿ ಕಂಬಳಿ ನೇಯುವವರದು. ಅವಳು ಆ ಬೀದಿಯ ಮೊದಲ ಮನೆಯವಳು. ನನಗಿಂತ ಒಂದು ವರ್ಷ ದೊಡ್ಡವಳು, ಆದರೂ ಹೈಸ್ಕೂಲಿನಲ್ಲಿ ನನ್ನದೇ ತರಗತಿ. ಅವಳನ್ನು ಎಲ್ಲರೂ ಕಂಬಳಿ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ ಸಹ. ಅಪ್ಪ ಮಗ್ಗದಲ್ಲಿ ಕೂತರೆ ಅವ್ವ ರಾಟೆಯಲ್ಲಿ ನೂಲು ತೆಗೆಯುತ್ತಿದ್ದಳು. ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಅಕ್ಕನ ಬಟ್ಟೆಗೂ ಅಂಟಿಕೊಂಡಿರುತ್ತಿತ್ತು. ಓಡುವಾಗ ಲಂಗವನ್ನು ಮೇಲೆ ಸಿಕ್ಕಿಸಿ ಸೊಂಟಕ್ಕೆ ಕರಿ ಉಣ್ಣೆಯ ದಾರ ಬಿಗಿಯುತ್ತಿದ್ದಳು. ಬರಿಗಾಲು. ಬಾಯಲ್ಲಿ ಯಾವಾಗಲೂ ಎರಡು ಹಸಿ ಕಡಲೆಕಾಯಿ ಬೀಜ. ಓಟ ಮುಗಿಯುವವರೆಗೂ ಅವನ್ನು ಅಗಿಯದೆ ದವಡೆಯಲ್ಲೇ ಇಟ್ಟುಕೊಂಡಿದ್ದು, ಗೆದ್ದ ಮೇಲೆ ಅಗಿಯುತ್ತಿದ್ದಳು. ಅವಳು ಅಗಿಯುವ ಸದ್ದನ್ನು ನಾನು ಮೂರು ವರ್ಷ ಎರಡನೆಯ ಸ್ಥಾನದಲ್ಲಿ ನಿಂತು ಕೇಳಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಹುಡುಗಿಯರು ಓಡುವುದೇ ಒಂದು ತಮಾಷೆ ಎಂದುಕೊಂಡಿದ್ದ ಕಾಲ. ನಮ್ಮಪ್ಪನದು ಪೇಟೆಯಲ್ಲಿ ದಿನಸಿ ಅಂಗಡಿ. ನನಗೆ ಬೆಳಿಗ್ಗೆ ಹಾಲು, ನೆನೆಸಿದ ಬಾದಾಮಿ, ಕಾಲಿಗೆ ಕ್ಯಾನ್ವಾಸ್ ಬೂಟು. ಅವಳಿಗೆ ರಾಗಿ ಅಂಬಲಿ. ಆದರೂ ಅವಳ ಬೆನ್ನನ್ನು ನೋಡುತ್ತಲೇ ನಾನು ಓಡಬೇಕಿತ್ತು. ಆ ಬೆನ್ನಿನ ಮೇಲೆ ಬೆವರು ಯಾವ ಆಕಾರದಲ್ಲಿ ಹರಡುತ್ತದೆ ಎಂಬುದನ್ನು ಈಗಲೂ ಬರೆದು ತೋರಿಸಬಲ್ಲೆ.

ಒಂದು ಬೇಸಿಗೆ, ಕೆರೆಯಲ್ಲಿ ತೊಳೆದ ಉಣ್ಣೆಯ ಹೊರೆ ಹೊತ್ತು ಮೆಟ್ಟಿಲು ಹತ್ತುವಾಗ ಅವಳು ಜಾರಿಬಿದ್ದಳು. ಕೊರಟಗೆರೆ ಕಡೆಯ ಹಳ್ಳಿಯೊಂದರ ನಾಟಿ ವೈದ್ಯರು ಮೊಟ್ಟೆಯ ಲೋಳೆ, ಸೊಪ್ಪು ಹಚ್ಚಿ, ಬಿದಿರ ದಬ್ಬೆ ಕಟ್ಟಿ ಕಳಿಸಿದರು. ಆ ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ ನಾನು ಮೊದಲು ಬಂದೆ. ಕಪ್ಪನ್ನು ಎತ್ತಿಕೊಂಡು ನೇರ ಅವಳ ಮನೆಗೆ ಹೋದೆ. ತೋರಿಸಲೆಂದೇ ಹೋದೆ. ಅವಳು ಕಪ್ಪನ್ನು ತಿರುಗಿಸಿ ನೋಡಿ, ‘ಚೆನ್ನಾಗೈತೆ ಕಣೆ. ಎಷ್ಟೊತ್ತಲ್ಲಿ ಓಡ್ದೆ?’ ಎಂದಳು. ಹೇಳಿದೆ. ‘ಓ’ ಎಂದು ಕಪ್ಪನ್ನು ವಾಪಸು ಕೊಟ್ಟಳು. ಅಷ್ಟೇ. ಆ ‘ಓ’ ನನ್ನನ್ನು ವಾರಗಟ್ಟಲೆ ಸುಟ್ಟಿತು.

ದಬ್ಬೆ ಬಿಚ್ಚಿದ ಮೇಲೆ ಅವಳು ಮತ್ತೆ ಓಡುತ್ತೇನೆಂದಳು. ಅವ್ವ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಪಾವಗಡದ ಕಡೆ ತಿರುಮಣಿಯಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣು ನೋಡಲು ಬಂದ ಹುಡುಗನ ಚಿಕ್ಕಮ್ಮ ಮುಖ ನೋಡುವ ಬದಲು ಕೆಳಗೆ ಬಗ್ಗಿ, ‘ಕಾಲು ಬಾಗುಂದಾ ಅಮ್ಮಾ?’ ಎಂದು, ಕಾಲು ಚೆನ್ನಾಗಿದೆಯಾ ಎಂದು, ತೆಲುಗಿನಲ್ಲಿ ಕೇಳಿದಳಂತೆ. ಅಕ್ಕ ಕಾಫಿ ಲೋಟ ಹಿಡಿದುಕೊಂಡೇ, ‘ಓಡಿ ತೋರಿಸ್ಲಾ?’ ಎಂದಳಂತೆ. ಬಂದವರು ನಕ್ಕರು, ಅವ್ವನಿಗೆ ಮಾತ್ರ ಮೈಯೆಲ್ಲ ಉರಿಯಿತು. ಕೊನೆಗೆ ತಾಯಿ ಮಗಳ ನಡುವೆ ಒಂದು ಒಪ್ಪಂದವಾಯಿತು. ಮುಂದಿನ ತಾಲ್ಲೂಕು ಓಟ ಒಂದನ್ನು ಓಡಬಹುದು. ಮೊದಲು ಬಂದರೆ ಓದು, ಓಟ ಎರಡೂ ಉಂಟು. ಬರದಿದ್ದರೆ ತಿರುಮಣಿ.

‘ಆದ್ರೆ ಏರಿ ಮ್ಯಾಲೆ ಒಬ್ಳನ್ನೇ ಬುಡಾಕಿಲ್ಲ’ ಎಂದಳು ಅವ್ವ. ‘ಅಂಗಡಿಯೋರ ಮಗಳು ಜತೇಗೆ ಹೋದ್ರೆ ಹೋಗು.’

ನಾನು ಒಪ್ಪಿದೆ. ಕನಿಕರದಿಂದಲ್ಲ. ವೈರಿ ಎಷ್ಟು ಕುಂಟುತ್ತಾಳೆ ಎಂದು ಕಣ್ಣಾರೆ ನೋಡಬೇಕಿತ್ತು. ನಾನು ಓಡುತ್ತಿದ್ದದ್ದು ಸಂಜೆ, ಶಾಲೆಯ ಮೈದಾನದಲ್ಲಿ. ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಇಳಿದು ಲಿಂಗಪೂಜೆ ಮುಗಿಸಿ ಏಳುವಷ್ಟು ಹೊತ್ತು ಅವರ ಕೈಗಡಿಯಾರ ನನ್ನದು. ಅದನ್ನು ಕಟ್ಟಿಕೊಂಡು ಕೆರೆ ಏರಿಯ ಈ ತುದಿಯ ಕಲ್ಲಿನ ಮೇಲೆ ಕೂರುತ್ತಿದ್ದೆ. ಪಕ್ಕದಲ್ಲೇ ಒಂದು ಕಾಫಿ ಹೋಟೆಲು, ಅಲ್ಲಿ ಬೆಳಗಾದರೆ ರೇಡಿಯೊ ಅರಚುತ್ತಿತ್ತು. ಕೋಡಿಯವರೆಗೆ ಹೋಗಿ ಬರುವುದು, ಹಾಗೆ ಎರಡು ಸಲ. ಅದು ಅವಳ ಅಭ್ಯಾಸ. ಎಷ್ಟೇ ಬೇಗ ಬಂದರೂ ಅವಳು ತಕ್ಷಣ ಹೊರಡುತ್ತಿರಲಿಲ್ಲ. ‘ವಾರ್ತೆ ಶುರುವಾಗ್ಲಿ ತಡಿ’ ಎಂದು ಕಡಲೆಬೀಜ ದವಡೆಗೆ ಹಾಕಿಕೊಂಡು ನಿಲ್ಲುತ್ತಿದ್ದಳು. ಪ್ರದೇಶ ಸಮಾಚಾರ ಓದುವವರ ದನಿ ಕೇಳಿಸಿದ ಕ್ಷಣ ಜಿಗಿಯುತ್ತಿದ್ದಳು. ಅದೇನೋ ಶಕುನ ಇರಬೇಕು ಎಂದುಕೊಂಡೆ.

ಮೊದಲ ವಾರ ಅವಳು ಓಡಿದ್ದನ್ನು ಓಟ ಎನ್ನುವ ಹಾಗಿರಲಿಲ್ಲ. ಬಲಗಾಲನ್ನು ನೆಲಕ್ಕೆ ಇಡುವಾಗ ಮುಖ ಗಂಟಿಕ್ಕುತ್ತಿತ್ತು. ನನಗೆ ಹಿತವಾಗಿತ್ತು. ಎರಡನೆಯ ತಿಂಗಳಲ್ಲಿ ಮುಖದ ಗಂಟು ಸಡಿಲಾಯಿತು. ಒಂದು ದಿನ ಅವಳು ಬಂದು ಕಲ್ಲು ಮುಟ್ಟಿದಾಗ ಗಡಿಯಾರ ನೋಡಿದೆ. ಹತ್ತೂಮುಕ್ಕಾಲು ನಿಮಿಷ. ಎರಡು ದಿನದ ಹಿಂದೆ ನಾನು ಕದ್ದು ಅದೇ ಏರಿಯ ಮೇಲೆ ಓಡಿ ನೋಡಿದ್ದೆ. ನನ್ನದೂ ಹೆಚ್ಚುಕಡಿಮೆ ಅಷ್ಟೇ.

‘ಎಷ್ಟಾಯ್ತೇ?’ ಎಂದಳು.

‘ಹನ್ನೊಂದೂವರೆ’ ಎಂದೆ.

ನಾಲಿಗೆ ತಡವರಿಸಲೇ ಇಲ್ಲ. ಮರುದಿನ ಇನ್ನಷ್ಟು ಸೇರಿಸಿದೆ. ಅವಳ ಕಾಲು ಚುರುಕಾದಷ್ಟೂ ನನ್ನ ಸುಳ್ಳು ಉದ್ದವಾಯಿತು. ಅವಳು ಪ್ರತಿದಿನ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಅವಳು ‘ಓ’ ಎನ್ನುತ್ತಿದ್ದಳು. ಆಮೇಲೆ ಕಡಲೆಬೀಜ ಉಗಿದುಬಿಡುತ್ತಿದ್ದಳು. ಅಗಿಯುತ್ತಿರಲಿಲ್ಲ. ಮನೆಗೆ ಬಂದು ಅಪ್ಪನ ಗಡಿಯಾರವನ್ನು ಪೂಜೆಯ ಮಣೆಯ ಪಕ್ಕ ಮುಳ್ಳು ಕಾಣದಂತೆ ಬೋರಲು ಇಡುತ್ತಿದ್ದೆ ಎಂಬುದು ನಿಜ. ಆದರೆ ಮಾರನೆಯ ದಿನ ಮತ್ತೆ ಅದೇ.

ಓಟಕ್ಕೆ ಹದಿನೈದು ದಿನ ಇದೆ ಎನ್ನುವಾಗ ಅವ್ವ ನನ್ನನ್ನು ಕರೆದು ರಾಟೆಯ ಮುಂದೆ ಕೂರಿಸಿಕೊಂಡಳು. ‘ಹೇಳು ತಾಯಿ, ಗಡಿಯಾರ ನಿನ್ ಕೈಲಿರಾದು. ಇವ್ಳು ಮೊದ್ಲಿನಂಗೆ ಓಡ್ತಾಳಾ? ಇಲ್ಲ ಅಂದ್ರೆ ತಿರುಮಣಿಯೋರ್ಗೆ ಈಗ್ಲೇ ಮಾತು ಕೊಟ್ಬುಡ್ತೀನಿ.’

ಅಕ್ಕ ಅಲ್ಲೇ ಉಣ್ಣೆ ಬಿಡಿಸುತ್ತ ಕೂತಿದ್ದಳು. ಹಿಂದಿನ ದಿನವೇ ಅವಳು ಹತ್ತು ನಿಮಿಷಕ್ಕಿಂತ ಕಡಿಮೆಯಲ್ಲಿ ಬಂದಿದ್ದಳು. ನನ್ನ ಒಂದು ಮಾತಿನಿಂದ ಅವಳು ಇಡೀ ಜೀವಮಾನಕ್ಕೆ ಊರು ಬಿಟ್ಟು, ಭಾಷೆ ಬಿಟ್ಟು ಹೋಗುತ್ತಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: ‘ಮೊದ್ಲಿನಂಗಿಲ್ಲ ಕಣಮ್ಮ.’

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಉಣ್ಣೆಯಲ್ಲಿದ್ದ ಒಂದು ಮುಳ್ಳನ್ನು ಕಿತ್ತು ಪಕ್ಕಕ್ಕಿಟ್ಟಳು. ‘ಮಾತು ಅಂದ್ರೆ ಮಾತು ಕಣವ್ವ. ಓಟ ಆಗ್ಲಿ, ಆಮ್ಯಾಕೆ ಕೊಡು’ ಎಂದಳು. ಅವ್ವ ಗೊಣಗುತ್ತ ರಾಟೆ ತಿರುಗಿಸಿದಳು. ಮಾರನೆಯ ಬೆಳಿಗ್ಗೆ ಅಕ್ಕ ಎಂದಿನಂತೆ ನಮ್ಮ ಮನೆಯ ಮುಂದೆ ನಿಂತು ನನ್ನನ್ನು ಕೂಗಿದಳು.

ಓಟದ ದಿನ ನಾನು ಅವಳ ಕಾಲು ಇನ್ನೊಂದು ಸಲ ಮುರಿಯಲಿ ಎಂದು ಮನೆದೇವರಿಗೆ ಹರಕೆ ಹೊತ್ತಿದ್ದೆ. ಮೂರು ಸಾವಿರ ಮೀಟರ್, ಸುಣ್ಣದ ಗೆರೆ ಎಳೆದ ಶಾಲೆಯ ಮೈದಾನದಲ್ಲಿ ಹದಿನೈದು ಸುತ್ತು. ಹದಿಮೂರು ಸುತ್ತು ನಾನೇ ಮುಂದಿದ್ದೆ. ಈ ಸಲ ಬೆನ್ನು ನೋಡುವ ಸರದಿ ಅವಳದು ಎಂದುಕೊಂಡೆ. ಹದಿನಾಲ್ಕನೆಯದರಲ್ಲಿ ಹುಣಸೆಬೀಜದ ಗಂಜಿಯ ವಾಸನೆ ಬಂತು. ತಿರುಗಿ ನೋಡುವ ಮೊದಲೇ ಅವಳು ನನ್ನನ್ನು ದಾಟಿದ್ದಳು. ಆ ಗಂಟು, ಆ ಗೆಣ್ಣು, ನನ್ನ ಕಣ್ಣ ಮುಂದೆಯೇ ಮೇಲೇಳುತ್ತ ಇಳಿಯುತ್ತ ದೂರವಾಯಿತು. ನಾನು ಗೆರೆ ಮುಟ್ಟುವಾಗ ಅವಳು ಆಗಲೇ ಅಗಿಯುತ್ತಿದ್ದಳು.

ಅವ್ವ ಮಾತಿಗೆ ತಪ್ಪಲಿಲ್ಲ. ಅಕ್ಕ ಜಿಲ್ಲಾ ಮಟ್ಟಕ್ಕೆ ಹೋದಳು, ಆಮೇಲೆ ತರಬೇತಿ ಮುಗಿಸಿ ಕೊರಟಗೆರೆಯಲ್ಲಿ ಪಿ.ಟಿ. ಟೀಚರ್ ಆದಳು. ನಾನು ಮದುವೆಯಾಗಿ ಸಿರಾಕ್ಕೆ ಬಂದೆ. ಓಟ ಅಲ್ಲಿಗೆ ನಿಂತಿತು, ಹೊಟ್ಟೆಕಿಚ್ಚು ನಿಲ್ಲಲಿಲ್ಲ. ತವರಿನಿಂದ ಬಂದವರು ‘ನಿಮ್ಮ ಕಂಬಳಿ ಅಕ್ಕನ ಹುಡುಗೀರು ಗೆದ್ರಂತೆ’ ಎಂದರೆ ಆ ದಿನದ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು.

ಐದಾರು ವರ್ಷದ ನಂತರ, ತನ್ನ ಶಾಲೆಯ ಹುಡುಗಿಯರನ್ನು ಓಟಕ್ಕೆಂದು ಸಿರಾಕ್ಕೆ ಕರೆತಂದವಳು ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ಕುರ್ಚಿ ಹಾಕಿದರೂ ಕೂರದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೀರೆಯ ನೆರಿಗೆ ಸರಿಸಿ ಗಂಟನ್ನು ತೀಡಿಕೊಂಡಳು. ನಾನು ರೊಟ್ಟಿ ತಟ್ಟುತ್ತಿದ್ದೆ.

‘ಲೇ, ಒಂದು ಕೇಳ್ಲಾ? ಏರಿ ಮ್ಯಾಲೆ ನನ್ನ ಓಟ ಸರಿಯಾಗಿ ಎಷ್ಟಿತ್ತೇ?’

ನನ್ನ ಕೈ ನಿಂತಿತು.

‘ಹೋಟ್ಲು ರೇಡಿಯೊ ನಿನ್ ಕಿವಿ ಪಕ್ಕದಲ್ಲೇ ಇತ್ತಲ್ಲೇ’ ಎಂದು ನಕ್ಕಳು. ‘ಆ ವಾರ್ತೆ ಇರಾದೇ ಹತ್ತು ನಿಮಿಷ. ಶುರುವಾದಾಗ ಹೊರಡ್ತಿದ್ದೆ, ಕೊನೆಕೊನೆಗೆ ಮುಗಿಯಾಕೆ ಮುಂಚೆ ಬಂದ್ಬುಡ್ತಿದ್ದೆ. ನೀನು ಹನ್ನೆರಡು ಅಂತಿದ್ದೆ.’

ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿದೆ. ‘ಗೊತ್ತಿದ್ದೂ ಯಾಕಕ್ಕ ಸುಮ್ನಿದ್ದೆ? ಅವ್ವನ ಮುಂದೆ ಆದ್ರೂ ಹೇಳ್ಬೋದಿತ್ತಲ್ಲ?’

‘ಹೇಳಿದ್ರೆ ನೀನು ಬರಾದು ನಿಲ್ಲಿಸ್ತಿದ್ದೆ. ನೀನಿಲ್ದೆ ಅವ್ವ ನನ್ನ ಹೊಸ್ತಿಲು ದಾಟಾಕೆ ಬುಡ್ತಿರಲಿಲ್ಲ. ಸುಳ್ಳು ಹೇಳಾಳಾದ್ರೂ ಜತೇಗಿರ್ಲಿ ಅಂದ್ಕಂಡೆ.’ ಸ್ವಲ್ಪ ತಡೆದು, ‘ಮುಂಚೆ ಬರ್ತಿದ್ದೆ ಅಂತ ಗೊತ್ತು ಕಣೆ. ಎಷ್ಟು ಮುಂಚೆ ಅಂತ ಗೊತ್ತಿಲ್ಲ. ಅದು ನಿನ್ನತ್ರ ಮಾತ್ರ ಐತೆ. ಹೇಳು’ ಎಂದಳು.

ಹೇಳಬಹುದಿತ್ತು. ಅವಳ ಒಂದೊಂದು ದಿನದ ಓಟವೂ ನನಗೆ ಬಾಯಿಪಾಠವಾಗಿತ್ತು, ಹೊಟ್ಟೆಕಿಚ್ಚು ಯಾವುದನ್ನೂ ಮರೆಯಲು ಬಿಡುವುದಿಲ್ಲ. ಆದರೆ ಅವಳ ನಗು ನೋಡಿ ಮತ್ತೆ ಒಳಗೆ ಚುರ್ ಎಂದಿತು. ಓಟದಲ್ಲಿ ಗೆದ್ದಳು, ಈಗ ಒಳ್ಳೆಯತನದಲ್ಲೂ ಗೆದ್ದಳು. ನನ್ನಲ್ಲಿ ಉಳಿದಿದ್ದ ಒಂದೇ ಒಂದನ್ನೂ ಕೇಳುತ್ತಿದ್ದಾಳೆ.

‘ಮರ್ತೋಗಿದೆ ಅಕ್ಕ’ ಎಂದೆ.

‘ಓ’ ಎಂದಳು. ರೊಟ್ಟಿ ತಿಂದು, ನನ್ನ ಮಗಳ ಕಾಲನ್ನು ಹಿಡಿದು ನೋಡಿ, ‘ಇವ್ಳನ್ನ ಓಡಿಸು’ ಎಂದು ಹೇಳಿ ಹೋದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಕಾಮಾಲೆಯಾಯಿತು. ಮೂರು ವಾರ ಎಂದರು, ಅಷ್ಟೂ ಇರಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ ನಾನು ಮೊದಲ ಬಸ್ಸಿಗೆ ಮಧುಗಿರಿಗೆ ಹೋದೆ. ಮನೆಯ ಜಗಲಿಯ ಮೇಲೆ, ಅವಳಪ್ಪ ನೇಯ್ದ ಕರಿ ಕಂಬಳಿಯ ಮೇಲೆ ಮಲಗಿಸಿದ್ದರು. ಬೀದಿಯುದ್ದಕ್ಕೂ ಸಮವಸ್ತ್ರದ ಹುಡುಗಿಯರು, ಅಳುವವರು, ಬಿಕ್ಕುವವರು. ಅವರನ್ನು ಕಂಡೂ ನನಗೆ ಹೊಟ್ಟೆ ಉರಿಯಿತು. ಇವರ್ಯಾರಿಗೂ ಅವಳು ನನಗಿಂತ ಮೊದಲು ಗೊತ್ತಿರಲಿಲ್ಲ.

ಕಾಲು ಮುಟ್ಟಿ ನಮಸ್ಕರಿಸುವಾಗ ಕೈ ತಾನಾಗಿ ಆ ಗಂಟಿನ ಮೇಲೆ ಹೋಯಿತು. ಹೆಬ್ಬೆರಳಿನಿಂದ ಒಂದು ಸಲ ತೀಡಿದೆ. ಆಮೇಲೆ ತಲೆಯ ಕಡೆಗೆ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿದೆ. ನಾನು ಅಳುತ್ತಿದ್ದೇನೆಂದುಕೊಂಡು ಅವ್ವ ನನ್ನ ಬೆನ್ನು ಸವರಿದಳು.

‘ಒಂಬತ್ತು ನಿಮಿಷ ಮೂವತ್ತೆಂಟು ಸೆಕೆಂಡ್’ ಎಂದೆ. ‘ವಾರ್ತೆ ಮುಗಿಯೋಕೆ ಇನ್ನೂ ಇಪ್ಪತ್ತೆರಡು ಸೆಕೆಂಡ್ ಇತ್ತು, ಅಕ್ಕ.’