ನನ್ನ ಕೆಮ್ಮು, ಹಸೀನಾಳ ಅಂಗಳ

ಬ್ಯಾಡಗಿಯಲ್ಲಿ ಬಸ್ಸಿಳಿದ ಮೊದಲ ನಿಮಿಷದಲ್ಲೇ ಹನ್ನೊಂದು ಸಲ ಸೀನಿದೆ. ಪಕ್ಕದಲ್ಲಿದ್ದ ಮುದುಕ, "ಹೊಸಬ್ರೇನ್ರಿ?" ಎಂದ. ಊರಿಡೀ ಮೆಣಸಿನಕಾಯಿಯ ಘಾಟು. ನಲವತ್ತೊಂಬತ್ತು ಸಾಯುವ ವಯಸ್ಸಲ್ಲ. ಆದರೂ ಆಟೋದಲ್ಲೇ ಮೊಬೈಲು ತೆಗೆದು ಶ್ವಾಸಕೋಶದ ಕಾಯಿಲೆಗಳನ್ನೆಲ್ಲ ಓದಿ ಮುಗಿಸಿದೆ.

ವರ್ಗವಾಗಿ ಬಂದ ನನಗೆ ಮಹಡಿಯ ಮನೆ ಸಿಕ್ಕಿತು. ಕೆಳಗಿನ ಬಾಡಿಗೆಮನೆಯಲ್ಲಿ ಹಸೀನಾ ಮತ್ತು ಹಾಸಿಗೆ ಹಿಡಿದ ಅವಳ ಅತ್ತೆ. ಹಸೀನಾ ಅಂಗಳದಲ್ಲಿ ಕೂತು, ವ್ಯಾಪಾರಿಗಳು ಚೀಲಗಟ್ಟಲೆ ಇಳಿಸಿಹೋದ ಮೆಣಸಿನಕಾಯಿಯ ತೊಟ್ಟನ್ನು ಕೂಲಿಗೆ ಬಿಡಿಸುತ್ತಿದ್ದಳು. ಅತ್ತೆ ಕರೆದರೆ ಕೈಗೆ ಕೊಬ್ಬರಿ ಎಣ್ಣೆ ಸವರಿ, ತೊಳೆದು, ಒಳಗೋಡುತ್ತಿದ್ದಳು. ನನಗೂ ಬಿಸಿ ರೊಟ್ಟಿ ತಂದುಕೊಡುತ್ತಿದ್ದಳು. "ರೂಢಿ ಆಗತೈತ್ರಿ ಅಕ್ಕಾರ. ನಮ್ಮನ್ನ ನೋಡ್ರಿ, ಸತ್ತೇವೇನು?"

ನಮ್ಮ ಮೈಸೂರಿನಲ್ಲಿ ಗೊಣಗುವುದು, ನಿಮಗೆ ಗೊತ್ತಲ್ಲ, ಕಾಫಿಯ ಜೊತೆಗಿನ ಅಭ್ಯಾಸ. ಹೇಳಿದವರು ಮರೆಯುತ್ತಾರೆ, ಕೇಳುವವರಂತೂ ಕೇಳುವುದೇ ಇಲ್ಲ. ಅದೇ ಅಭ್ಯಾಸದಲ್ಲಿ ಒಂದು ಬೆಳಿಗ್ಗೆ ಮನೆ ಮಾಲೀಕರಿಗೆ, "ಈ ಘಾಟಿಗೆ ಮಲಗಿದರೆ ಸಾಕು, ಕೆಮ್ಮು. ಬದುಕ್ತೀನೋ ಇಲ್ವೋ" ಎಂದೆ. ಇಲ್ಲಿ ಹೇಳಿದ್ದನ್ನು ನಿಜವೆಂದೇ ಕೇಳಿಸಿಕೊಳ್ಳುತ್ತಾರೆಂದು ಗೊತ್ತಿರಲಿಲ್ಲ. ಸಂಜೆ ಕೆಳಗಿನಿಂದ ಅವರ ದನಿ ಕೇಳಿತು: "ಮ್ಯಾಲಿನ ಅಕ್ಕಾರಿಗೆ ತ್ರಾಸ ಆಗಾಕತ್ತೈತಿ. ನಾಳಿಂದ ಚೀಲ ಇಲ್ಲಿ ಇಳಸಬ್ಯಾಡವಾ."

ಇಳಿದು ಹೋಗಿ ಬೇಡವೆನ್ನಬಹುದಿತ್ತು. ಕಿಟಕಿ ಮುಚ್ಚಿಕೊಂಡೆ.

ಮರುದಿನದಿಂದ ಹಸೀನಾ ಅತ್ತೆಯನ್ನು ಒಬ್ಬಳೇ ಬಿಟ್ಟು ತೊಟ್ಟು ಬಿಡಿಸಲು ಊರಾಚೆಯ ಶೆಡ್ಡಿಗೆ ಹೋಗತೊಡಗಿದಳು.

ನನ್ನ ಕೆಮ್ಮು ನಿಲ್ಲಲಿಲ್ಲ. ಹಾವೇರಿಯ ಡಾಕ್ಟರು ಎಲ್ಲ ವಿಚಾರಿಸಿ ನಕ್ಕರು. "ಹಗಲೆಲ್ಲ ಆರಾಮ, ಮಲಗಿದಾಗಷ್ಟ ಕೆಮ್ಮಂದ್ರ ಮೆಣಸಿನಕಾಯಿ ಅಲ್ರಿ, ಹಾಸಿಗಿ ಧೂಳ." ಹೊಸ ಊರಿನಲ್ಲಿ ನಿದ್ದೆ ಬರಲಿಕ್ಕಿಲ್ಲವೆಂದು ಮೈಸೂರಿನಿಂದ ಹೊತ್ತು ತಂದ, ಅಮ್ಮನ ಕಾಲದ ಹತ್ತಿ ಹಾಸಿಗೆ ಅದು.

ಮಾಲೀಕರಿಗೆ ತಪ್ಪು ನನ್ನದೆಂದೆ. "ಆತ್ರಿ, ಇಳಸಲಿ ಬಿಡ್ರಿ" ಎಂದರು. ಹಸೀನಾ ಒಪ್ಪಲಿಲ್ಲ. "ಬ್ಯಾಡ್ರಿ ಅಕ್ಕಾರ. ನಾಳೆ ಮತ್ತ ನಿಮಗ ಕೆಮ್ಮು ಬಂದ್ರ?" ಚುಚ್ಚಿದ್ದರೆ ಸಹಿಸಬಹುದಿತ್ತು, ಅವಳು ನಿಜವಾಗಿಯೇ ಕೇಳುತ್ತಿದ್ದಳು. "ರಜಾ ಇದ್ದಾಗ ನಮ್ಮತ್ತಿ ಕಡೆ ಒಂದೀಟು ಕಿವಿ ಇಟ್ಟಿರ್ರಿ."

ಹಾಸಿಗೆ ಎಸೆದೆ. ಚಾಪೆಯ ಮೇಲೆ ಕೆಮ್ಮಿಲ್ಲದೆ ಮಲಗುತ್ತೇನೆ. ಮೈಸೂರಿಗೆ ಹೋದರೆ ಅಣ್ಣನ ಮನೆಯ ಸಾರು ಸಪ್ಪೆ. ಇಲ್ಲಿಗೆ ಬಂದರೆ ಮೆಟ್ಟಿಲ ಮೇಲೆ ರೊಟ್ಟಿ ತರುವ ಸಪ್ಪಳವಿಲ್ಲ.

ಹೋದ ಭಾನುವಾರ ಕೆಳಗೆ ಮುದುಕಿ ಕೂಗಿದಳು. ಶೆಡ್ಡಿಗೆ ರಜೆಯಿರಲಿಲ್ಲ. ನೀರು ಹಿಡಿದು ಇಳಿದೆ. ಕುಡಿದಳು, ಮುಖ ನೋಡಿದಳು.

"ನೀ ಅಲ್ಲ. ಹಸೀನಾನ್ನ ಕರಿ" ಎಂದು ಗೋಡೆಯ ಕಡೆ ತಿರುಗಿದಳು.