ಅರಳದ ಛತ್ರಿ

ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿಬಿಟ್ಟರೆ ನಕ್ಕುಬಿಡುತ್ತಿದ್ದೆ. ನಕ್ಕು ಸುಮ್ಮನಾದರೂ ಆದೀತು, ನಾನು ಹಾಗಲ್ಲ. ಅವರ ಕತೆಯ ಬಾಲ ಹಿಡಿದೆಳೆದು ಎಲ್ಲಿ ಸುಳ್ಳು ಬೆರೆತಿದೆ ಎಂದು ತೋರಿಸುವವರೆಗೆ ಬಿಡುತ್ತಿರಲಿಲ್ಲ. ನನ್ನದು ಅನುಮಾನದ ಜನ್ಮ ಎಂದು ಮನೆಯಲ್ಲಿ ಹೆಂಡತಿ ಹೇಳುತ್ತಾಳೆ. ಎಮ್ಮೆಯನ್ನು ಕಣ್ಣೆದುರಿಗೇ ಹಿಂಡಿ ಕೊಟ್ಟರೂ ನಾನು ಹಾಲಿನಲ್ಲಿ ಬೆರಳದ್ದಿ ನೋಡುತ್ತೇನಂತೆ. ಇರಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ, ಅದನ್ನು ನಾನು ಸ್ವಲ್ಪ ಹೆಚ್ಚೇ ಮನಸ್ಸಿಗೆ ಹಚ್ಚಿಕೊಂಡಿದ್ದೇನೆ.

ವಿಮಾನದಿಂದ ಜಿಗಿಯುವ ಹುಚ್ಚು ಹತ್ತಿದ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಈ ಭಾಗದಲ್ಲಿ ಜಿಗಿದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ನಾನೂ ಒಬ್ಬ ಎಂದು ಯಾರೋ ಹೇಳಿರುತ್ತಾರೆ. ಯಾವ ಬೂಟು ಹಾಕಬೇಕು, ಎಷ್ಟು ಗಾಳಿ ಇದ್ದರೆ ಬೇಡ, ಕಾಲು ಹೇಗೆ ಊರಬೇಕು ಎಂದು ಕೇಳುತ್ತಾರೆ. ಎಲ್ಲ ಹೇಳುತ್ತೇನೆ. ಕಾಲು ಜೋಡಿಸಿ ಮೊಣಕಾಲು ಸ್ವಲ್ಪ ಮಡಚಿರಿ, ನೆಲ ನೋಡಬೇಡಿರಿ, ದೂರ ನೋಡಿರಿ, ಪಕ್ಕಕ್ಕೆ ಉರುಳಿರಿ ಎನ್ನುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲು ಹೇಳುವುದು ಸಂಶಯಪಡಿರಿ ಎಂದು. ಗೆಳೆಯನನ್ನು ಬೇಕಾದರೆ ನಂಬಿರಿ, ಅವನು ಹಾಕಿದ ಗಂಟನ್ನು ನಂಬಬೇಡಿರಿ. ಪಟ್ಟಿ, ಕೊಕ್ಕೆ, ಬಕ್ಕಲು ಕೈಯಿಂದ ಮುಟ್ಟಿ ನೋಡಿರಿ. ಎದೆಗೆ ಕಟ್ಟುವ ಪ್ಯಾರಾಚೂಟಿನ ಮುಚ್ಚಳ ಎತ್ತಿ ಪಿನ್ನು ನೆಟ್ಟಗಿದೆಯೇ ನೋಡಿರಿ, ಬೆಳಿಗ್ಗೆ ನೋಡಿದ್ದರೆ ಹತ್ತುವಾಗ ಮತ್ತೊಮ್ಮೆ ನೋಡಿರಿ. ಹುಡುಗರು ತಲೆಯಾಡಿಸುತ್ತಾರೆ. ಮಾಸ್ತರ ಅತಿ ಮಾಡುತ್ತಾರೆ ಎಂದು ಹೊರಗೆ ಹೋಗಿ ನಗುತ್ತಾರೆಂಬುದೂ ನನಗೆ ಗೊತ್ತು.

ನಮ್ಮ ಕಡೆ ಪ್ಯಾರಾಚೂಟಿಗೆ ಛತ್ರಿ ಎಂದೇ ಹೆಸರು. ಮೋಸಗಾರನಿಗೂ ಅದೇ ಹೆಸರು. ಜಿಗಿಯುವವನಿಗೆ ಎರಡು ಛತ್ರಿ ಕಟ್ಟುತ್ತಾರೆ. ಬೆನ್ನಿನದು ತಾನಾಗಿ ಬಿಚ್ಚಿಕೊಳ್ಳುವಂಥದು. ಅದರ ಉದ್ದನೆಯ ಪಟ್ಟಿಯನ್ನು ವಿಮಾನದೊಳಗಿನ ತಂತಿಗೆ ಕೊಕ್ಕೆ ಹಾಕಿರುತ್ತಾರೆ, ಮನುಷ್ಯ ಕೆಳಗೆ ಬಿದ್ದಂತೆ ಪಟ್ಟಿ ಜಗ್ಗಿ ಛತ್ರಿ ಹೊರಗೆ ಬರುತ್ತದೆ. ಅದು ಕೈಕೊಟ್ಟರೆ ಎದೆಯದು. ಅದಕ್ಕೆ ಬಲಮಗ್ಗುಲಲ್ಲಿ ಒಂದು ಹಿಡಿ ಇರುತ್ತದೆ, ಅದನ್ನು ನಾವೇ ಜಗ್ಗಬೇಕು. ಜಗ್ಗಿದರೆ ಮುಚ್ಚಳದ ಕೆಳಗಿನ ಪಿನ್ನು ಕಳಚಿ ಛತ್ರಿ ಬಿಚ್ಚುತ್ತದೆ. ನನ್ನ ಗೆಳೆಯ ರಾಚಪ್ಪ, ದೇವದುರ್ಗದಲ್ಲಿ ಡ್ರಿಲ್ ಮಾಸ್ತರನಾಗಿದ್ದವ, ನನಗೆ ಇವನ್ನು ಕಟ್ಟುವಾಗಲೆಲ್ಲ ಛೇಡಿಸುತ್ತಿದ್ದ: "ಬೆನ್ನಿಗೊಂದು ಛತ್ರಿ, ಎದಿಗೊಂದು ಛತ್ರಿ, ನಡುವ ದೊಡ್ಡ ಛತ್ರಿ."

ಎಂಬತ್ತರ ದಶಕ ಶುರುವಾದ ಹೊಸತು. ಹೊರಗಿನ ಊರಿನ ಒಂದು ಸಾಹಸಿಗಳ ಸಂಘದವರು ರಾಯಚೂರಿನ ಹೊರಗೆ ವಿಮಾನ ಇಳಿಯುವ ಹಳೆಯ ಬಯಲಿನಲ್ಲಿ ಶಿಬಿರ ಹಾಕಿದ್ದರು. ಕಲಿಸುವವರು ಫೌಜಿನಿಂದ ನಿವೃತ್ತರಾಗಿ ರಾಯಚೂರಿನಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬರು. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಸೇರಿದವನು ಮೊದಲು ನಾನು. ರಾಚಪ್ಪನನ್ನು ಎಳೆದುಕೊಂಡು ಬಂದವನೂ ನಾನೇ. ಜಾಲಹಳ್ಳಿಯಲ್ಲಿ ಅವನ ತಾಯಿ ಒಬ್ಬಳೇ, ಅವಳಿಗೆ ಇವನೊಬ್ಬನೇ ಮಗ. ಬಸ್ಸು ಹತ್ತಿಸಲು ಬಂದಿದ್ದ ಆಕೆ ಮಗನಿಗೆ ಏನೂ ಅನ್ನಲಿಲ್ಲ, ನನ್ನ ಕೈ ಹಿಡಿದುಕೊಂಡು, "ನೀ ಕರದಿ ಅಂತ ಬರಾಕತ್ತಾನಪಾ. ಹೆಂಗ ಒಯ್ಯಾಕತ್ತಿ, ಹಂಗ ತಂದು ಬಿಡು" ಎಂದಳು. ಆಯಿತು ಯವ್ವಾ ಎಂದು ಸಲೀಸಾಗಿ ಹೇಳಿಬಿಟ್ಟೆ. ಹೇಳುವಾಗ ಆ ಮಾತಿನ ಭಾರ ಗೊತ್ತಿರಲಿಲ್ಲ.

ಕೆಲವು ದಿನ ನೆಲದ ಮೇಲೆಯೇ ಉರುಳಾಡಿಸಿ, ಮೇಜಿನಿಂದ ಜಿಗಿಸಿ, ಕೊನೆಗೊಂದು ಮುಂಜಾನೆ ನಮ್ಮಿಬ್ಬರನ್ನು ವಿಮಾನ ಹತ್ತಿಸಿದರು. ಛತ್ರಿಯ ಸಾಮಾನು ಮೈಗೆ ಕಟ್ಟಿಕೊಳ್ಳುವ ಮುಂಚೆ ನಾನು ಎದೆಯ ಛತ್ರಿಯ ಮುಚ್ಚಳ ಎತ್ತಿ ಪಿನ್ನು ನೋಡಿದೆ. ಸೂಜಿಯ ಹಾಗೆ ನೆಟ್ಟಗಿತ್ತು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ವಿಮಾನದಲ್ಲಿ ಓಡಿಸುವವರು, ಸಾಹೇಬರು, ನಾನು, ರಾಚಪ್ಪ, ಇಷ್ಟೇ ಜನ. ಮೊದಲ ಸುತ್ತಿನಲ್ಲಿ ಸಾಹೇಬರು ಗಾಳಿಯ ದಿಕ್ಕು ನೋಡಲು ತೂಕ ಕಟ್ಟಿದ ಉದ್ದನೆಯ ಬಣ್ಣದ ಕಾಗದವನ್ನು ಕೆಳಗೆ ಬಿಟ್ಟರು. ಎರಡನೆಯ ಸುತ್ತಿಗೆ ನಾನು ಜಿಗಿಯಬೇಕು. ನಾನು ನೆಲ ಮುಟ್ಟಿದ್ದನ್ನು ನೋಡಿಕೊಂಡು ಮೂರನೆಯ ಸುತ್ತಿಗೆ ರಾಚಪ್ಪ. ಇಳಿದವನು ಎದ್ದು ನಿಂತು ಛತ್ರಿ ಸುತ್ತಿಕೊಂಡರೆ ಎಲ್ಲ ಸರಿಯಿದೆ ಎಂದು ಲೆಕ್ಕ. ಛತ್ರಿ ಹರಡಿಯೇ ಇದ್ದು ಅವನು ಪಕ್ಕದಲ್ಲಿ ಅಲ್ಲಾಡದೆ ಬಿದ್ದಿದ್ದರೆ ಪೆಟ್ಟಾಗಿದೆ ಎಂದು ಲೆಕ್ಕ, ಆಮೇಲೆ ಯಾರನ್ನೂ ಬಿಡುವುದಿಲ್ಲ, ವಿಮಾನ ವಾಪಸು. ಇದು ನಮಗೆಲ್ಲ ಬಾಯಿಪಾಠವಾಗಿತ್ತು.

ಜಿಗಿದೆ. ಬೆನ್ನಿನ ಛತ್ರಿ ಚೆನ್ನಾಗಿಯೇ ಬಿಚ್ಚಿತು. ಗಾಳಿ ಮಾತ್ರ ಕಾಗದ ತೋರಿಸಿದ್ದಕ್ಕಿಂತ ಜೋರಾಗಿತ್ತು. ಗುರುತು ಹಾಕಿದ ಜಾಗವನ್ನು ದಾಟಿಸಿ ನನ್ನನ್ನು ಮಟಮಾರಿ ಕಡೆಯ ಹೊಲಗಳ ಮೇಲೆ ಒಯ್ದಿತು. ಕಡಲೆ ಕಿತ್ತ ಒಂದು ಎರೆಹೊಲದಲ್ಲಿ ಕಾಲೂರಿ ಪಕ್ಕಕ್ಕೆ ಉರುಳಿದೆ. ಛತ್ರಿ ಗಾಳಿ ತುಂಬಿಕೊಂಡು ನನ್ನನ್ನು ದರದರ ಎಳೆಯಿತು. ಹೊಲದ ಒಡ್ಡು ದಾಟಿ ಆ ಕಡೆಗೆ ಹೋಗಿ ಅದು ಮಲಗಿದಾಗ ನನಗೂ ನಿಲ್ಲಲು ಸಾಧ್ಯವಾಯಿತು. ಬದುಕಿದೆ ಎಂಬ ಖುಷಿಗೆ ಒಬ್ಬನೇ ನಕ್ಕೆ.

ಅಲ್ಲಿ ಕುರಿ ಬಿಟ್ಟುಕೊಂಡು ಒಬ್ಬ ವಯಸ್ಸಾದವ ನಿಂತಿದ್ದ. ಅಮರಪ್ಪ ಎಂದು ಹೆಸರು, ಆಮೇಲೆ ತಿಳಿಯಿತು. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸೊಬ್ಬಳು ಉಡಿ ಹಿಡಿದುಕೊಂಡೇ ಓಡಿ ಬಂದಳು. ಅಮರಪ್ಪ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, "ನೀ ಆರಾಮ ಇಳದಿ ತಮ್ಮಾ. ನಿನ್ನ ಮುಂದ ಬಂದಾವ ಎಲ್ಲಿ ಅದಾನ?" ಎಂದ.

ನನ್ನ ಮುಂದೆ ಯಾರೂ ಬಂದಿಲ್ಲ, ನಾನೇ ಮೊದಲನೆಯವ ಎಂದೆ. ಅವನು ಒಪ್ಪಲಿಲ್ಲ. "ಬಂದಾನ. ಛತ್ರಿ ಬಿಚ್ಚಲಿಲ್ಲ, ಹಿಂದ ಬಾಲದಂಗ ಜೋತಾಡಾಕತ್ತಿತ್ತು. ಒಡ್ಡಿನ ಈ ಕಡಿ ಬಿದ್ದಾನ, ಬೋರಲ. ಈಗ ನೋಡಿದ್ರ ಕಾಣವಲ್ಲ." ಆ ಹೆಂಗಸು ತಾನೂ ನೋಡಿದ್ದಾಗಿ ಹೇಳಿದಳು. "ಎರಡು ಬಂದ್ವು. ಒಂದು ಅರಳ್ತು, ಒಂದು ಅರಳಲಿಲ್ಲ."

ನನಗೆ ತಕ್ಷಣ ಗುಟ್ಟು ಹೊಳೆಯಿತು. ಅವರು ನೋಡಿದ್ದು ಸಾಹೇಬರು ಬಿಟ್ಟ ಬಣ್ಣದ ಕಾಗದ. ಹಾಗೆಂದು ತಿಳಿಸಿ ಹೇಳಿದೆ. ಹೆಂಗಸು, ಇದ್ದರೂ ಇರಬಹುದು ಎಂದು ತನ್ನ ಹತ್ತಿಯ ಸಾಲಿಗೆ ಮರಳಿದಳು. ಅಮರಪ್ಪ ಮಾತ್ರ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. "ಕಾಗದಕ್ಕ ಕೈಕಾಲು ಇರತಾವೇನಪಾ?" ಎಂದು ಕೇಳಿ, ಎಡಗೈಯನ್ನು ಎದೆಯ ಬಲಮಗ್ಗುಲಿಗೆ ಒಯ್ದು, ಇಲ್ಲದ ಏನನ್ನೋ ಹಿಡಿದು ಜಗ್ಗಿ ತೋರಿಸಿದ. ಮತ್ತೆ ಜಗ್ಗಿದ. ಮತ್ತೂ ಜಗ್ಗಿದ. "ಹಿಂಗ ಮಾಡಾಕತ್ತಿದ್ದ. ಬರಲೇ ಇಲ್ಲ ಅದು."

ಅವನ ಬಾಯಿಂದ ಸೇಂದಿಯ ವಾಸನೆ ಬರುತ್ತಿತ್ತು. ಮುಂಜಾನೆಯೇ ಏರಿಸಿದ್ದಾನೆ, ಹೊಸಬನನ್ನು ಹೆದರಿಸಿ ಮಜಾ ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಂಡೆ. ಆದರೆ ಆ ಕೈಯನ್ನು ಮಾತ್ರ ಮನಸ್ಸಿನಿಂದ ತೆಗೆಯಲಾಗಲಿಲ್ಲ. ಎದೆಯ ಹಿಡಿ ಎಲ್ಲಿರುತ್ತದೆ, ಅದನ್ನು ಹೇಗೆ ಜಗ್ಗುತ್ತಾರೆ ಎಂದು ಇವನಿಗೆ ಯಾರು ಹೇಳಿದರು? ಶಿಬಿರದವರು ಯಾರಾದರೂ ಇವನಿಗೆ ಕಲಿಸಿ ನಿಲ್ಲಿಸಿದ್ದಾರೆಯೇ? ಗಾಳಿ ನನ್ನನ್ನು ಇಲ್ಲಿಗೇ ತರುತ್ತದೆಂದು ಅವರಿಗಾದರೂ ಹೇಗೆ ಗೊತ್ತು? ನಾನು ಸುತ್ತಲೂ ನೋಡಿದೆ. ನಾನು ಎಳೆದಾಡಿಸಿಕೊಂಡ ಗೆರೆಯ ಹೊರತು ಮಣ್ಣಿನಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ವಿಮಾನದ ಸದ್ದು ಹತ್ತಿರವಾಯಿತು. ಅದು ರಾಚಪ್ಪನ ಸುತ್ತು.

ಈಗ ಕೂತು ಯೋಚಿಸಿದರೆ ನಗು ಬರುತ್ತದೆ, ಆಗ ಅದು ನಗುವ ಹೊತ್ತಾಗಿರಲಿಲ್ಲ. ಸೇಂದಿ ಕುಡಿದವನ ಮಾತು ನಂಬಿದರೆ ನನ್ನ ಮರ್ಯಾದೆ ಹೋಗುತ್ತದೆ. ನಂಬದಿದ್ದರೆ, ಅದರಲ್ಲಿ ಕಾಳಿನಷ್ಟಾದರೂ ನಿಜವಿದ್ದರೆ, ಜಾಲಹಳ್ಳಿಗೆ ಏನನ್ನು ಒಯ್ಯಲಿ? ಇವನು ಕಂಡದ್ದು ಆಗಿಹೋದದ್ದಲ್ಲ, ಇನ್ನು ಆಗುವಂಥದು ಇರಬಹುದೇ ಎಂಬ ಯೋಚನೆ ಬಂತು. ಇಂಥ ಯೋಚನೆ ನನಗೆ ಬಂತಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟಿನಲ್ಲೇ ಛತ್ರಿಯನ್ನು ಹರಡಿದ್ದ ಹಾಗೆಯೇ ಬಿಟ್ಟು, ಅದರ ಪಕ್ಕದಲ್ಲಿ ಕೈಕಾಲು ಚಾಚಿ ಬೋರಲಾಗಿ ಮಲಗಿಬಿಟ್ಟೆ.

ಮಣ್ಣಿಗೆ ಮುಖ ಕೊಟ್ಟು ಮಲಗಿ ವಿಮಾನದ ಸದ್ದು ಕೇಳುತ್ತಿದ್ದೆ. ಅದು ತಲೆಯ ಮೇಲೆ ಬಂತು, ಒಂದು ಸುತ್ತು ಹೊಡೆಯಿತು, ದೂರವಾಯಿತು. ಯಾರೂ ಜಿಗಿಯಲಿಲ್ಲ. ಅಮರಪ್ಪ ನನ್ನನ್ನು ಮುಟ್ಟಿ ಎಬ್ಬಿಸಲು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಅವನು ಕುರಿಗಳನ್ನು ಹೊಡೆದುಕೊಂಡು ಹೋಗುವ ಸದ್ದು ಮಾತ್ರ ಕೇಳಿಸಿತು.

ಜೀಪು ಬಂತು, ನನ್ನನ್ನು ಶೆಡ್ಡಿಗೆ ಕರೆದೊಯ್ದರು. ನನಗೆ ಒಂದು ತರಚು ಗಾಯವೂ ಇಲ್ಲವೆಂದು ತಿಳಿದಾಗ ಸಾಹೇಬರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕುರಿ ಕಾಯುವವನ ಮಾತು ಕೇಳಿ ವಿಮಾನ ಇಳಿಸಿದೆ ಎಂದು ನಾನು ಹೇಗೆ ಹೇಳಲಿ? ರಾಚಪ್ಪನ ಸಾಮಾನಿನ ಮೇಲೆ ನನಗೆ ಸಂಶಯವಿದೆ, ಬಿಚ್ಚಿ ನೋಡಿರಿ ಎಂದಷ್ಟೇ ಹೇಳಿದೆ. ನೋಡಿದರು. ಕೊಕ್ಕೆ, ಪಟ್ಟಿ, ಬಕ್ಕಲು ಎಲ್ಲ ಸರಿಯಿತ್ತು. ಅವನ ಎದೆಯ ಹಿಡಿ ಜಗ್ಗಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು, ಬಿಳಿ ಬಟ್ಟೆ ನೆಲದ ಮೇಲೆ ಬಿದ್ದಿತು. ಎಲ್ಲರೂ ನಕ್ಕರು. ರಾಚಪ್ಪನೂ ನಕ್ಕು, "ಸತ್ತಂಗ ಮಲಗೂದು ಚಲೋ ಕಲ್ತೀ ಬಿಡು. ಈಗ ನಿಂದೂ ಒಂದೀಟು ಜಗ್ಗು, ನೋಡೂನು" ಎಂದ.

ನಾನು ಎಡಚ. ಎಡಗೈಯಿಂದ ನನ್ನ ಎದೆಯ ಹಿಡಿಯನ್ನು ಹಿಡಿದು ಜಗ್ಗಿದೆ. ಬರಲಿಲ್ಲ. ಇನ್ನೊಮ್ಮೆ ಜಗ್ಗಿದೆ, ಬರಲಿಲ್ಲ. ರಾಚಪ್ಪ ಬಂದು ತಾನೂ ಜಗ್ಗಿದ, ಅವನ ನಗು ನಿಂತಿತು. ಸಾಹೇಬರು ಮುಚ್ಚಳ ಎತ್ತಿ ನೋಡಿದರೆ ಪಿನ್ನು ಕೊಕ್ಕೆಯ ಹಾಗೆ ಬಾಗಿ ಸಿಕ್ಕಿಕೊಂಡಿತ್ತು.

ಬೋರಲು ಮಲಗಿದ್ದಕ್ಕೆ ಬಾಗಿರಬೇಕು ಎಂದು ಸಾಹೇಬರು ಅಂದರು. ನಾನೂ ಅದನ್ನೇ ಹಿಡಿದುಕೊಂಡೆ. ಆದರೆ ಸಂಜೆ ಅವರೇ ನನ್ನನ್ನು ಪಕ್ಕಕ್ಕೆ ಕರೆದು, ಇಂಥ ಪಿನ್ನು ಮನುಷ್ಯನ ಭಾರಕ್ಕೆ ಬಾಗುವುದನ್ನು ತಾವು ಎಂದೂ ಕಂಡಿಲ್ಲ, ಯಾರ ಮೇಲಾದರೂ ಗುಮಾನಿ ಇದ್ದರೆ ಹೇಳು ಎಂದರು. ನನಗೆ ಎಲ್ಲರ ಮೇಲೂ ಗುಮಾನಿ ಇತ್ತು. ಸಾಮಾನು ಎತ್ತಿಡುವವರ ಮೇಲೆ, ಸಾಹೇಬರ ಮೇಲೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ರಾಚಪ್ಪನ ಮೇಲೆ ಕೂಡ. ರಾತ್ರಿ ಒಬ್ಬೊಬ್ಬರನ್ನೇ ಹಿಡಿದು ಯೋಚಿಸಿದೆ. ಯಾರೇ ಬಾಗಿಸಿರಲಿ, ಅದು ಅಮರಪ್ಪನಿಗೆ ಹೇಗೆ ಕಂಡಿತು ಎಂಬಲ್ಲಿಗೆ ಬಂದು ಎಲ್ಲ ಲೆಕ್ಕವೂ ನಿಂತುಬಿಡುತ್ತಿತ್ತು. ಅವನು ಜಗ್ಗಿ ತೋರಿಸಿದ್ದು ಎಡಗೈ, ನನ್ನ ಕೈ. ನನ್ನ ಬೆನ್ನಿನ ಛತ್ರಿ ಬಿಚ್ಚಿತ್ತಲ್ಲ, ಎದೆಯ ಹಿಡಿಯನ್ನು ನಾನು ಮುಟ್ಟಿಯೇ ಇರಲಿಲ್ಲವಲ್ಲ.

ಮರುದಿನ ರಾಚಪ್ಪ ಅದೇ ಸಾಮಾನು ಕಟ್ಟಿಕೊಂಡು ಜಿಗಿದು ಸುಖವಾಗಿ ಇಳಿದ. ಅದನ್ನು ಕಣ್ಣಾರೆ ನೋಡಿದ ಮೇಲೆ ನಾನು ಒಂದು ಸೈಕಲ್ ತೆಗೆದುಕೊಂಡು, ಒಂದು ಕಟ್ಟು ಬೀಡಿ ಕೊಂಡು, ಆ ಹೊಲಕ್ಕೆ ಹೋದೆ. ಅಮರಪ್ಪ ಅಲ್ಲೇ ಇದ್ದ. ಅಂದು ಅವನು ಕುಡಿದಿರಲಿಲ್ಲ. ಬೀಡಿ ಕೊಡಲು ಹೋದರೆ ಅವನು ಕೈ ಚಾಚಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು, "ಒಡ್ಡಿನ ಮ್ಯಾಲ ಇಡ್ರಿ" ಎಂದ. ನಿನ್ನೆ ತಮ್ಮಾ ಎಂದವನು ಇವತ್ತು ರೀ ಎನ್ನುತ್ತಿದ್ದ.

ನೀನು ನಿಜವಾಗಿ ಏನು ಕಂಡೆ ಯಪ್ಪಾ, ಇನ್ನೊಮ್ಮೆ ಹೇಳು ಎಂದು ಬೇಡಿಕೊಂಡೆ. ಅವನು ನನ್ನ ಮುಖವನ್ನೇ ನೋಡುತ್ತ ಹೇಳಿದ:

"ಒಬ್ಬಾವ ಬಿದ್ದ, ಒಬ್ಬಾವ ಇಳದ. ಇಳದಾವ ಹೋಗಿ, ಬಿದ್ದಾವನ ಜಾಗಾದಾಗ ಅವನಂಗ ಮಲಗಿದ. ಆಮ್ಯಾಲ ಒಬ್ಬಾವ ಎದ್ದು ಜೀಪು ಹತ್ತಿದ. ಎದ್ದಾವ ಯಾವಾಂವ ಅಂತ ನನಗ ತಿಳಿವಲ್ದು."

ನನಗೆ ಸಿಟ್ಟು, ಹೆದರಿಕೆ ಎರಡೂ ಒಟ್ಟಿಗೆ ಬಂದವು. ನಾನು ಮಲ್ಲಟದವ, ನಮ್ಮದೂ ಕುರಿ ಸಾಕುವ ಮನೆ, ನಮ್ಮಪ್ಪನ ಹೆಸರು ಇಂಥದು, ನಮ್ಮ ಹಿಂಡಿನ ಕುರಿಗೆ ಕಿವಿಯಲ್ಲಿ ಇಂಥ ಗುರುತು ಎಂದು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ಒಂದೊಂದಾಗಿ ಹೇಳಿದೆ. ಅಮರಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಕೇಳಿ, ಕುರಿಗಳ ಕಡೆ ತಿರುಗುತ್ತ ಅಂದ:

"ಬಿದ್ದಾವನ್ನ ಕೇಳಿದ್ರೂ ಇದನ್ನೇ ಹೇಳತಿದ್ದ."