ಡೊಳ್ಳುಹೊಟ್ಟೆಯವನ ಹತ್ತಿರ ಹೊಟ್ಟೆಯ ಮಾತು

ನಾಲ್ಕು ವರ್ಷ ನಾನು ದೇವರಿಗಿಂತ ಎತ್ತರದಲ್ಲಿ ಕೂತು ಪೂಜೆ ಮಾಡಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸಲೀಸು. ಇಟ್ಟಮಡುವಿನ ನಮ್ಮ ಮನೆಯಲ್ಲಿ ದೇವರ ಮಂಟಪ ಗಿಡ್ಡ ಕಾಲುಗಳ ಮೇಲೆ ನೆಲಕ್ಕೆ ಅಂಟಿಕೊಂಡ ಹಾಗಿದೆ. ನಮ್ಮತ್ತೆ ಇಟ್ಟ ಜಾಗ, ಅಲುಗಿಸುವ ಹಾಗಿಲ್ಲ. ಅದರ ಮುಂದೆ ಮಣೆ ಹಾಕಿಕೊಂಡು ದಿನಾ ಅರ್ಧ ಗಂಟೆ ಕೂರುತ್ತಿದ್ದವಳು ನಾನು. ಒಂದು ದಿನ ಮಂಗಳಾರತಿ ಮುಗಿಸಿ ಏಳಲು ಹೋದರೆ ಎರಡು ಮಂಡಿಗಳೂ ಒಪ್ಪಲಿಲ್ಲ. ನಮ್ಮವರು ಒಂದು ಕೈ ಹಿಡಿದು ಎಳೆದರು, ನಾನು ಇನ್ನೊಂದು ಕೈಯಲ್ಲಿ ಗೋಡೆ ಹಿಡಿದೆ, ಗೋಡೆಯ ಸುಣ್ಣ ನನ್ನ ಕೈಗೆ ಬಂತೇ ಹೊರತು ನಾನು ಮೇಲಕ್ಕೆ ಬರಲಿಲ್ಲ. ಕೊನೆಗೆ ಅವರು ವರಾಂಡದಿಂದ ಪ್ಲಾಸ್ಟಿಕ್ ಕುರ್ಚಿ ತಂದು ಇಟ್ಟರು. ಅದನ್ನು ಹಿಡಿದು ಎದ್ದೆ. ಮಾರನೆಯ ದಿನದಿಂದ ಅದೇ ನನ್ನ ಮಣೆಯಾಯಿತು.

ಕುರ್ಚಿಯಲ್ಲಿ ಕೂತರೆ ನಮ್ಮ ಗಣಪನ ಕಿರೀಟ ಮಾತ್ರ ಕಾಣುತ್ತದೆ. ಹೂವನ್ನು ಮೇಲಿನಿಂದ ಬಿಡಬೇಕು. ಅರ್ಧ ಅವನ ತಲೆಯ ಮೇಲೆ, ಅರ್ಧ ದೀಪದ ಮೇಲೆ. ದೊಡ್ಡವರ ಮುಂದೆ ಕಾಲು ಚಾಚಿ ಕೂತ ಹಾಗೆ ದಿನಾ ಒಂದು ಸಂಕೋಚ.

ಮಂಡಿಯ ಡಾಕ್ಟರು ಎಕ್ಸ್‌ರೇ ನೋಡಿ, "ಮಂಡೀದೇನೂ ಅಂಥ ತಪ್ಪಿಲ್ಲಮ್ಮ, ಪಾಪ, ಹೊತ್ಕೊಂಡಿರೋ ಭಾರ ಜಾಸ್ತಿ" ಎಂದು ತೂಕದ ಯಂತ್ರ ತೋರಿಸಿದರು. ನೂರೆಂಟು ಕೆಜಿ. ಪಕ್ಕದಲ್ಲಿದ್ದ ನಮ್ಮವರು ಭಕ್ತಿಯಿಂದ, "ಅಷ್ಟೋತ್ತರ ತುಂಬ್ತು ಕಣೇ" ಎಂದರು. ಮೂವತ್ತು ವರ್ಷದಿಂದ ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದೇನೆ, ಅದನ್ನೂ ನಾನು ದೇವರ ಕೃಪೆಯ ಲೆಕ್ಕದಲ್ಲೇ ಸೇರಿಸಿಕೊಳ್ಳುತ್ತೇನೆ.

ಆ ನೂರೆಂಟು ಎಲ್ಲಿಂದ ಬಂತು ಎಂದು ಕೇಳಿದರೆ, ನಾನು ತಿನ್ನುವವಳೇ ಅಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಅಡುಗೆ ಮಾಡುವಾಗ ರುಚಿ ಕೂಡ ನೋಡುವುದಿಲ್ಲ, ನೈವೇದ್ಯಕ್ಕೆ ಮೊದಲು ಎಂಜಲಾಗಬಾರದಲ್ಲ. ಆದರೆ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಒಂದು ಸೌಟು ಹುಳಿ, ಎರಡು ಹಿಡಿ ಅನ್ನ? ಅನ್ನವನ್ನು ಎಸೆಯಬಾರದು. ಹಾಗಾಗಿ ನನ್ನ ಹೊಟ್ಟೆ ಈ ಮನೆಯ ಎರಡನೆಯ ಫ್ರಿಜ್ಜು. ಪ್ರಸಾದವನ್ನು ಬೇಡ ಎನ್ನುವ ಹಾಗಿಲ್ಲ. ಶ್ರಾವಣದಲ್ಲಿ ಮನೆಮನೆಗೆ ಕುಂಕುಮಕ್ಕೆ ಹೋದರೆ ಕೋಸಂಬರಿ, ಸಿಹಿ ಅವಲಕ್ಕಿ, ಸಜ್ಜಿಗೆ. ಇನ್ನು ಏಕಾದಶಿಯ ಉಪವಾಸದ ದಿನ ನಾನು ತಿನ್ನುತ್ತಿದ್ದ ಫಲಾಹಾರವನ್ನು ಉಳಿದ ದಿನ ತಿಂದಿದ್ದರೆ ಅದಕ್ಕೆ ಸಮಾರಾಧನೆ ಎಂದು ಹೆಸರಿಡಬಹುದಿತ್ತು.

ನಡೆದೆ, ಗೋಧಿ ರೊಟ್ಟಿ ತಿಂದೆ, ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡೆ. ಆರು ಕೆಜಿ ಹೋಯಿತು, ಏಳು ಕೆಜಿ ಬಂತು. ಅಷ್ಟರಲ್ಲಿ ತಿಲಕ್ ನಗರದಲ್ಲಿರುವ ನನ್ನ ಓರಗಿತ್ತಿ ವಸಂತ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಅರ್ಧಕ್ಕರ್ಧ ಇಳಿದು ನಮ್ಮ ಮನೆಗೆ ಬಂದಳು. ಕೂತವಳೇ ಕಾಲ ಮೇಲೆ ಕಾಲು ಹಾಕಿದಳು. ನಾನು ಆ ವಿದ್ಯೆ ಮರೆತು ಎಷ್ಟು ಕಾಲವಾಗಿತ್ತೋ.

"ಸ್ಲೀವ್ ಮಾಡಿಸ್ಕೊಳ್ಳಿ ಅಕ್ಕ, ಸುಲಭ. ಹೊಟ್ಟೇನ ಉದ್ದಕ್ಕೆ ಕತ್ತರಿಸಿ ಬಾಳೆಕಾಯಿ ಥರ ಮಾಡ್ತಾರೆ, ಅಷ್ಟೇ. ಅಸಿಡಿಟಿ ಗಿಸಿಡಿಟಿ ಅಂತ ಮಾತ್ರ ಬಾಯ್ಬಿಡ್ಬೇಡಿ. ಅಂದ್ರೆ ಬೈಪಾಸ್ ಅಂತಾರೆ, ಕರುಳನ್ನೆಲ್ಲ ಕತ್ತರಿಸಿ ಬೇರೆ ಕಡೆ ಜೋಡಿಸ್ತಾರೆ, ಸಾಯೋವರೆಗೂ ಮಾತ್ರೆ."

ನನಗೆ ಹತ್ತು ವರ್ಷದಿಂದ ಹುಳಿತೇಗು. ಎದೆ ಉರಿಗೆ ಚೀಪುವ ಗುಲಾಬಿ ಮಾತ್ರೆ ಸೆರಗಿನ ಗಂಟಿನಲ್ಲೋ ಪರ್ಸಿನಲ್ಲೋ ಇದ್ದೇ ಇರುತ್ತದೆ. ಅದನ್ನು ನಾನು ಕಾಯಿಲೆ ಎಂದುಕೊಂಡಿರಲಿಲ್ಲ, ಅಭ್ಯಾಸ ಎಂದುಕೊಂಡಿದ್ದೆ. ವಸಂತ ಹೇಳಿದ ಮೇಲೆ ಗುಟ್ಟು ಎಂದುಕೊಂಡೆ.

ಜಯನಗರದ ಆಸ್ಪತ್ರೆಯ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಬಿಳಿ ಹಾಳೆಯ ಮೇಲೆ ಎರಡು ಹೊಟ್ಟೆ ಬರೆದಳು. ಒಂದನ್ನು ನೋಡಿದರೆ ನಮ್ಮ ಟೈಲರು ಸಡಿಲವಾದ ರವಿಕೆಯನ್ನು ಪಕ್ಕದಲ್ಲಿ ಹಿಡಿದು ಹೊಲಿದ ಹಾಗಿತ್ತು. ವ್ಯತ್ಯಾಸವೆಂದರೆ, ರವಿಕೆಯನ್ನು ಬೇಕಾದಾಗ ಬಿಚ್ಚಿಸಿಕೊಳ್ಳಬಹುದು, ಇಲ್ಲಿ ಉಳಿದ ಬಟ್ಟೆಯನ್ನೇ ಕತ್ತರಿಸಿ ಎಸೆಯುತ್ತಾರೆ. ಇನ್ನೊಂದರಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ನಿಂಬೆಹಣ್ಣಿನಷ್ಟು ಚೀಲ ಮಾಡಿ, ಕರುಳನ್ನು ಎತ್ತಿ ಅದಕ್ಕೆ ಜೋಡಿಸಿದ್ದಳು. ಸಿಗ್ನಲ್ಲಿಗೆ ಸಿಕ್ಕಿಕೊಳ್ಳಬಾರದೆಂದು ಆಟೋದವರು ಒಳರಸ್ತೆ ಹಿಡಿಯುವುದಿಲ್ಲವೇ, ಹಾಗೆ. ಊಟ ಮೇನ್ ರೋಡಿಗೆ ಹೋಗುವುದೇ ಇಲ್ಲ.

"ಎದೆ ಉರಿ, ಹುಳಿತೇಗು ಏನಾದ್ರೂ ಇದ್ಯಾ ಆಂಟಿ?"

"ಇಲ್ಲಪ್ಪ" ಎಂದೆ. ನಮ್ಮವರು ನನ್ನ ಮುಖ ನೋಡಿದರು. ನಾನು ಹಾಳೆಯ ಮೇಲಿನ ಹೊಟ್ಟೆ ನೋಡಿದೆ.

ಸುಳ್ಳು ಹೇಳಿ ಬಂದ ಮೇಲೆ ನಿದ್ದೆ ಬರಲಿಲ್ಲ. ನಮ್ಮ ಬೀದಿಯ ಗಣಪತಿ ದೇವಸ್ಥಾನಕ್ಕೆ ಹೋಗಿ ಹೂ ಕೇಳೋಣ ಎನ್ನಿಸಿತು. ಭಟ್ಟರು ದೇವರ ಎರಡೂ ಭುಜದ ಮೇಲೆ ಒಂದೊಂದು ಹೂವಿಡುತ್ತಾರೆ. ನಾವು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಯಬೇಕು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಮಗಳ ಮದುವೆಗೆ, ಮನೆಯ ಬೋರಿಗೆ, ಎಲ್ಲಕ್ಕೂ ಹೀಗೇ ಕೇಳಿದವಳು ನಾನು. ಆದರೆ ಹೊಟ್ಟೆ ಕರಗಿಸುವ ವಿಷಯವನ್ನು ಡೊಳ್ಳುಹೊಟ್ಟೆಯವನ ಹತ್ತಿರ ಕೇಳುತ್ತಿದ್ದೇನೆ ಎಂಬುದು ಪ್ರದಕ್ಷಿಣೆ ಮುಗಿದ ಮೇಲೆ ಹೊಳೆಯಿತು. ಕಡುಬಿನ ಭಕ್ತ, ಅವನು ಯಾವ ಪಕ್ಷ ವಹಿಸಿಯಾನು?

'ಸ್ಲೀವ್ ಮಾಡಿಸಿಕೊಳ್ಳಲೇನಪ್ಪ?' ಎಂದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟರೆ ಎರಡೂ ಹೂವು ಕೆಳಗಿದ್ದವು.

ಭಟ್ಟರು ಗಲಿಬಿಲಿಯಾದರು. "ಇಷ್ಟು ವರ್ಷ ಹೂ ಇಟ್ಟಿದೀನಿ, ಎರಡೂ ಒಟ್ಟಿಗೆ ಬಿದ್ದಿದ್ದು ನೋಡಿಲ್ಲ ತಾಯಿ. ಏನ್ ಕೇಳಿದ್ರಿ?"

ಗರ್ಭಗುಡಿಯ ಬಾಗಿಲಲ್ಲಿ ಯಾರೋ ಭಕ್ತರು ಕೊಟ್ಟ ಹೊಸ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು. ಖಾಲಿ ಹೊಟ್ಟೆಯಲ್ಲಿ ಬಂದಿದ್ದರಿಂದ ನನಗೆ ಎದೆ ಉರಿ ಏರಿತು. ಕಂಬದ ಮರೆಗೆ ಸರಿದು ಪರ್ಸಿನಿಂದ ಗುಲಾಬಿ ಮಾತ್ರೆ ತೆಗೆದೆ. ಭಟ್ಟರು ದೂರದಿಂದಲೇ ಗುರುತು ಹಿಡಿದರು.

"ಯಾವ್ದು, ಪುದೀನದ್ದಾ ಕಿತ್ತಳೆದಾ?"

"ಪುದೀನದ್ದು" ಎಂದೆ, ಕಳ್ಳಿಯ ಹಾಗೆ.

"ಕಿತ್ತಳೇದು ತಗೊಳ್ಳಿ, ಚೆನ್ನಾಗಿರುತ್ತೆ" ಎಂದು ತಮ್ಮ ಸೊಂಟದಿಂದ ಒಂದು ಪಟ್ಟಿ ತೆಗೆದು ತೋರಿಸಿದರು. "ಮಧ್ಯಾಹ್ನದ ಪೂಜೆವರೆಗೂ ಉಪವಾಸ ಇರೋರಿಗೆ ಇದೇ ಪಂಚಕಜ್ಜಾಯ. ನಿಮಗೆಷ್ಟು ವರ್ಷದಿಂದ?"

ನನಗೆ ಏನಾಯಿತೋ, ಎಲ್ಲವನ್ನೂ ಹೇಳಿಬಿಟ್ಟೆ. ಆಪರೇಷನ್ನು, ವಸಂತ, ಡಾಕ್ಟರ ಮುಂದೆ ಹೇಳಿದ ಸುಳ್ಳು. ಭಟ್ಟರು ಬಿದ್ದ ಹೂವೆರಡನ್ನೂ ಎತ್ತಿ ನನ್ನ ಕೈಗೆ ಹಾಕಿದರು.

"ಅವನಿಗೆ ಹೇಳ್ದೇ ಇದ್ರೂ ಗೊತ್ತಾಗುತ್ತೆ ತಾಯಿ. ಡಾಕ್ಟ್ರಿಗೆ ಹೇಳ್ದೇ ಇದ್ರೆ ಹ್ಯಾಗೆ ಗೊತ್ತಾಗ್ಬೇಕು? ಮೊದ್ಲು ಅಲ್ಲಿ ಹೇಳಿ, ಆಮೇಲೆ ಇಲ್ಲಿ ಕೇಳಿ."

ಹೇಳಿದೆ. ಡಾಕ್ಟರು ಬೈಯಲಿಲ್ಲ, ಗಂಟಲಿನಿಂದ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದಳು. ಹೊಟ್ಟೆಯ ಬಾಗಿಲು ಸಡಿಲವಾಗಿ, ಆಮ್ಲ ಮೇಲೆ ಹರಿದು, ಅನ್ನನಾಳ ಹುಣ್ಣಾಗಿತ್ತಂತೆ. "ಸ್ಲೀವ್ ಮಾಡಿದ್ರೆ ಇದು ಇನ್ನೂ ಜೋರಾಗೋ ಸಾಧ್ಯತೆ ಇತ್ತು ಆಂಟಿ. ನಿಮಗೆ ಬೈಪಾಸೇ ಸರಿ. ಬ್ಲಡ್ ಟೆಸ್ಟಲ್ಲಿ ಶುಗರೂ ಬಂದಿದೆ, ಅದಕ್ಕೂ ಒಳ್ಳೇದು. ವಿಟಮಿನ್ ಮಾತ್ರೆ ಮಾತ್ರ ಜೀವಮಾನ ಪೂರ್ತಿ ತಪ್ಪಿಸೋ ಹಾಗಿಲ್ಲ." ದಿನಾ ತಪ್ಪದೆ ಮಾಡುವ ಕೆಲಸಕ್ಕೆ ನಾನು ಹೆದರುವವಳಲ್ಲ. ನಮ್ಮತ್ತೆ ಕೊಟ್ಟ ದೀಪವನ್ನು ಮೂವತ್ತು ವರ್ಷದಿಂದ ಹಚ್ಚುತ್ತಿಲ್ಲವೇ? ಮಾತ್ರೆಯ ಡಬ್ಬವನ್ನು ಬತ್ತಿಯ ಡಬ್ಬದ ಪಕ್ಕದಲ್ಲಿಟ್ಟೆ. ಅಲ್ಲಿಗೆ ಆ ಚಿಂತೆ ಮುಗಿಯಿತು.

"ಆಮೇಲೆ ನೆಲದ ಮೇಲೆ ಕೂರಬಹುದಾ?" ಎಂದೊಂದೇ ಕೇಳಿದೆ. "ಕೂರೋದಕ್ಕೇ ತಾನೇ ಇಷ್ಟೆಲ್ಲ" ಎಂದು ನಕ್ಕಳು.

ಸಿದ್ಧತೆ ಮದುವೆಯದಕ್ಕಿಂತ ಕಡಿಮೆಯೇನಲ್ಲ. ಶ್ವಾಸಕೋಶ ಗಟ್ಟಿಯಾಗಲೆಂದು ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಉಪಕರಣ ಕೊಟ್ಟರು. ಉಸಿರೆಳೆದರೆ ಚೆಂಡುಗಳು ಒಂದೊಂದಾಗಿ ಏಳಬೇಕು. ನಾನು ಅವಕ್ಕೆ ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಹೆಸರಿಟ್ಟೆ. ಬ್ರಹ್ಮ ಮೊದಲ ದಿನವೇ ಎದ್ದ, ವಿಷ್ಣು ವಾರಕ್ಕೆ ಎದ್ದ, ಮಹೇಶ್ವರ ಮಾತ್ರ ಕೊನೆಯವರೆಗೂ ತಪಸ್ಸು ಬಿಡಲಿಲ್ಲ. ಆಪರೇಷನ್ನಿಗೆ ಎರಡು ವಾರ ಮೊದಲೇ ಬರೀ ದ್ರವಾಹಾರ. ಆ ದಿನಗಳಲ್ಲಿ ನಮ್ಮವರಿಗೆ ಅಡುಗೆ ಕಲಿಸಿದೆ. ಹೆಸರುಬೇಳೆ ಬೇಯಿಸಿ ಅದರ ಕಟ್ಟು ಸೋಸುವುದು, ರಾಗಿ ಅಂಬಲಿ ಗಂಟಾಗದಂತೆ ಕದಡುವುದು. "ಉಪ್ಪು ಎಷ್ಟೇ?" "ಅಂದಾಜಿಗೆ ಹಾಕಿ." "ಅಂದಾಜು ಅನ್ನೋದು ಎಷ್ಟು ಚಮಚ ಹೇಳು." ಉಪ್ಪನ್ನು ಕೈಯಲ್ಲಿ ಹಿಡಿದು ತೋರಿಸಿದೆ. ದೊಡ್ಡ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದೆ, ತಳದಲ್ಲಿ ಉಳಿಯುವುದೇ ಬೇಡವೆಂದು. ಮಗಳ ಅನ್ನಪ್ರಾಶನದ ಬೆಳ್ಳಿ ಬಟ್ಟಲು ಅಟ್ಟದಿಂದ ಇಳಿಯಿತು, ಇನ್ನು ಮುಂದೆ ನನ್ನ ಊಟ ಅದರಲ್ಲಿ.

ನೀರನ್ನು ಒಮ್ಮೆಲೇ ಕುಡಿಯುವ ಹಾಗಿಲ್ಲ, ಚಮಚದಷ್ಟು ಮಾತ್ರ ಸಿಪ್ ಮಾಡಬೇಕು ಎಂದು ಪಥ್ಯ ಹೇಳುವ ಹುಡುಗಿ ಎಚ್ಚರಿಸಿದ್ದಳು. ಚೊಂಬೆತ್ತಿ ಗಟಗಟ ಕುಡಿದ ಗಂಟಲಿಗೆ ಇದೇ ಕಷ್ಟ. ಕೊನೆಗೆ ಪಂಚಪಾತ್ರೆ, ಉದ್ಧರಣೆಯನ್ನೇ ಚೀಲಕ್ಕೆ ಹಾಕಿಕೊಂಡು ಹೋದೆ. ಆಪರೇಷನ್ನಾದ ಮಾರನೆಯ ದಿನ ನರ್ಸಮ್ಮ ಪ್ಲಾಸ್ಟಿಕ್ ಲೋಟ ತಂದಾಗ ನಾನು ಆ ಪುಟ್ಟ ತಾಮ್ರದ ಚಮಚದಿಂದ ಅಂಗೈಗೆ ನೀರು ಹಾಕಿಕೊಂಡು ಕುಡಿದೆ. ಒಂದು ಉದ್ಧರಣೆ, ಸ್ವಲ್ಪ ಹೊತ್ತು, ಇನ್ನೊಂದು ಉದ್ಧರಣೆ. ತೀರ್ಥ ತೆಗೆದುಕೊಳ್ಳುವಾಗ ಯಾರೂ ಗಟಗಟ ಎನ್ನುವುದಿಲ್ಲ. ಹೊಸ ಹೊಟ್ಟೆಗೆ ಬೇಕಾದ ಅಳತೆ ಅಷ್ಟು ವರ್ಷವೂ ನಮ್ಮ ಮಂಟಪದಲ್ಲೇ ಇತ್ತು.

ಹೊಟ್ಟೆಗೆ ಅಗಲವಾದ ಬೆಲ್ಟು ಕಟ್ಟಿಕೊಂಡು ವಾರ್ಡಿನಲ್ಲಿ ಬಾತುಕೋಳಿಯ ಹಾಗೆ ನಡೆಯುತ್ತಿದ್ದಾಗ ವಸಂತ ನೋಡಲು ಬಂದಳು. ನಡಿಗೆ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಗ ನೆನಪಾದವನು ಗಣಪ. ಕಡುಬು ಜಾಸ್ತಿಯಾಗಿ ಇಲಿಯಿಂದ ಬಿದ್ದು, ಹೊಟ್ಟೆ ಒಡೆದು, ಹಾವನ್ನೇ ಎತ್ತಿ ಬೆಲ್ಟು ಕಟ್ಟಿಕೊಂಡವನು. ಹೊಟ್ಟೆಯ ರಿಪೇರಿ ಮಾಡಿಕೊಂಡವರಲ್ಲಿ ಅವನೇ ಮೊದಲಿಗ. ನಕ್ಕಿದ್ದಕ್ಕೆ ಚಂದ್ರನಿಗೆ ಶಾಪ ಸಿಕ್ಕಿತು, ನಮ್ಮ ವಸಂತಳಿಗೆ ಫ್ಲಾಸ್ಕಿನ ಕಾಫಿ ಸಿಕ್ಕಿತು. "ಬಾಯ್ಬಿಡ್ಬೇಡಿ ಅಂದಿದ್ದು ನಂದೇ ತಪ್ಪು ಅಕ್ಕ" ಎಂದೂ ಹೇಳಿದಳು. ಕಾಫಿ ಸಾರ್ಥಕವಾಯಿತು.

ವೈಶಾಖದಲ್ಲಿ ಆಪರೇಷನ್ನು, ಭಾದ್ರಪದದಲ್ಲಿ ಚೌತಿ. ಅಷ್ಟರಲ್ಲಿ ಒಂದು ಅಕ್ಕಿ ಚೀಲದ ತೂಕ ಇಳಿದಿದ್ದೆ. ಹಬ್ಬದ ಬೆಳಿಗ್ಗೆ ಇಪ್ಪತ್ತೊಂದು ಕಡುಬು ಬೇಯಿಸಿ ಗಣಪನ ಮುಂದಿಟ್ಟೆ. ಪ್ಲಾಸ್ಟಿಕ್ ಕುರ್ಚಿಯನ್ನು ವರಾಂಡಕ್ಕೆ ಒಯ್ದು ಬಿಟ್ಟೆ. ಮಣೆ ಹಾಕಿ, ಗೋಡೆ ಹಿಡಿದು, ಮೆಲ್ಲಗೆ ಕೂತೆ. ಕೂತುಬಿಟ್ಟೆ! ನಾಲ್ಕು ವರ್ಷ ಬರೀ ಕಿರೀಟ ನೋಡಿದವಳಿಗೆ ಅವನ ಮುಖ ಕಂಡಿತು, ಕಣ್ಣು ಕಂಡಿತು, ನನ್ನ ಕಣ್ಣೆದುರಿಗೇ ಹೊಟ್ಟೆ, ಹೊಟ್ಟೆಗೆ ಕಟ್ಟಿದ ಹಾವು. ಇಪ್ಪತ್ತೊಂದು ಕಡುಬು ಎದುರಿಗಿದ್ದರೂ ಒಂದನ್ನೂ ಮುಟ್ಟದೆ ಕೂತಿದ್ದಾನೆ. ನಾನು ಅರ್ಧ ತಿನ್ನುತ್ತೇನೆ, ಅದೂ ಅಗಿದು ಅಗಿದು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಇನ್ನಷ್ಟು ಬಾಗಿ ನೋಡಿದರೆ, ಮಂಟಪದ ಅಡಿಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಜೇಡರ ಬಲೆ.

ನಾನು ಬಗ್ಗಲಾರದ ದಿನದಿಂದ ದೇವರ ಮನೆ ಒರೆಸುವುದು ನಮ್ಮವರ ಪಾಲಿಗೆ ಬಂದಿತ್ತು. ಅವರು ಹಿಂದೆ ನಿಂತು, "ಏಳೋಕೆ ಕೈ ಕೊಡ್ಲೇನೇ?" ಎಂದರು.

"ಕೈ ಬೇಡ ರೀ. ಒಂದು ಒದ್ದೆ ಬಟ್ಟೆ ಕೊಡಿ."

ನಾಲ್ಕು ವರ್ಷ ಆ ಬಲೆಯ ಮೇಲೆ ಕೂತು ಗಣಪ ಮಹಾರಾಯ ಒಂದು ಮಾತೂ ಆಡಿರಲಿಲ್ಲ. ನಾನು ಡಾಕ್ಟರ ಹತ್ತಿರ ಮುಚ್ಚಿಟ್ಟೆ, ಅವನು ನನ್ನ ಹತ್ತಿರ ಮುಚ್ಚಿಟ್ಟ. ಒರೆಸುತ್ತಾ ಒರೆಸುತ್ತಾ, ಇಬ್ಬರಿಗೂ ಸರಿಹೋಯಿತು ಎಂದುಕೊಂಡೆ.